ಹಿಂದಿನ ಹಗ್ಗ

ಅಮೆರಿಕೆಯ ಫ್ಲಾರಿಡಾ ಪ್ರಾಂತದಲ್ಲಿ ಫೋರ್ಟ್ ಲಾಡರ್‌ಡೇಲ್ ಎಂಬ ಪಟ್ಟಣವುಂಟು. ಅದರ ನಡುವೆ ಹರಿಯುವ ನ್ಯೂ ರಿವರ್ ಹೆಸರಿಗೆ ನದಿ, ಅಗಲದಲ್ಲಿ ಓಣಿ. ನೌಕೆಗಳನ್ನು ದುರಸ್ತಿ ಮಾಡುವ ಕಟ್ಟೆಗಳು ಅದರ ಮೇಲ್ಭಾಗದಲ್ಲಿರುವುದರಿಂದ ಅರಮನೆಯಂಥ ವಿಹಾರನೌಕೆಗಳೂ ಈ ಓಣಿಯಲ್ಲಿಯೇ ಬಂದುಹೋಗಬೇಕು.

ಮಿತ್ರರೊಬ್ಬರ ಯಂತ್ರನೌಕೆಯಲ್ಲಿ ನಾವು ಒಮ್ಮೆ ಅಲ್ಲಿಂದ ಸಮುದ್ರದ ಕಡೆಗೆ ಹೊರಟಿದ್ದೆವು. ಎಳೆಯಲು ಮುಂದೊಂದು ಟಗ್ ದೋಣಿ. ಹಗ್ಗ ಬಿಗಿದುಕೊಂಡು ಹಿಂದೆ ಮತ್ತೊಂದು. “ಮುಂದಿನದು ಸರಿ, ಹಿಂದಿನದೇಕೆ? ಹಣಕ್ಕೆ ದಂಡ!” ಎಂದು ನಾವು ನಕ್ಕೆವು. ವೃದ್ಧ ನಾವಿಕರು ಮಾತನಾಡಲಿಲ್ಲ.

ಸಮುದ್ರದ ಇಳಿತದ ವೇಳೆ, ಪ್ರವಾಹವು ಬೆನ್ನಿಗಿದ್ದಿತು. ನೀರು ಹಿಂದಿನಿಂದ ನೂಕುವಾಗ ಚುಕ್ಕಾಣಿಗೆ ಹಿಡಿತ ಕಡಮೆ. ಸಾಮಾನ್ಯವಾಗಿ ತೆರೆದೇ ಇರುವ ರೈಲುಸೇತುವೆಯು ನಮ್ಮ ಕಣ್ಣೆದುರಿನಲ್ಲಿಯೇ ಇಳಿಯತೊಡಗಿತು, ರೈಲು ಬರುವುದಿದ್ದಿತು. ಸೇತುವೆಯ ಈಚೆಗೆ ಸಣ್ಣ ದೋಣಿಯೊಂದರಲ್ಲಿ ತಂದೆಯೂ ಮಗುವೂ ಕಾದಿದ್ದರು. ನಮ್ಮ ನೌಕೆ ಅವರತ್ತ ಜಾರಿತು. ಮುಂದಿನ ಹಗ್ಗ ಸಡಿಲಾಯಿತು, ಎಳೆಯಬಲ್ಲುದು ತಡೆಯಬಲ್ಲುದೆ? ಹಿಂದಿನ ಹಗ್ಗವೊಂದೇ ಬಿಗಿದು ನರಳಿತು. ನೌಕೆ ನಿಂತಿತು. ನಮ್ಮ ಉಸಿರೂ ನಿಂತಂತಿದ್ದಿತು.

ರೈಲು ದಾಟಿ, ಸೇತುವೆ ಮೇಲೆದ್ದ ಬಳಿಕ ಆ ಮಗುವು ನಮ್ಮತ್ತ ಕೈಬೀಸಿತು. ಮುಂದೆ 1901ರ ಸ್ಟ್ರಾನಹನ್ ಮನೆಯನ್ನೂ, ನದಿಯಡಿಯಲ್ಲಿ 1960ರಲ್ಲಿ ತೆರೆದ ರಸ್ತೆಯ ಸುರಂಗವನ್ನೂ ದಾಟಿದೆವು, ನೋಡುವ ಮನಸ್ಸಿರಲಿಲ್ಲ. ನಾವಿಕರ ಬಳಿಗೆ ಹೋಗಿ ಕ್ಷಮೆ ಬೇಡಿದೆವು. ಅವರು ಹಿಂದಿನ ಹಗ್ಗದತ್ತ ನೋಡಿ ನಸುನಕ್ಕರು.

ಮನೆಯಲ್ಲಿ “ತಾಳಿ, ಅವಸರವೇಕೆ?” ಎನ್ನುವ ಹಿರಿಯರ ಮೇಲೆ ನಾವು ಎಷ್ಟು ಸಲ ಸಿಡುಕಿಲ್ಲ! ಅಂದಿನಿಂದ ಆ ಮಾತು ಕೇಳಿದಾಗಲೆಲ್ಲ ನಮಗೆ ಆ ಹಗ್ಗದ ನೆನಪಾಗುತ್ತದೆ.