ಹರಿದ ತಂತಿಯ ದಿನದ ಲೆಕ್ಕ

ತಂತಿಯ ಉದ್ದವನ್ನು ಲೆಕ್ಕಹಾಕುವ ವಿಚಾರವು ಶಾಲೆಯ ಸ್ಮರಣ ಸಂಚಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಶ್ರೀಮಠದ ಶಾಲೆ, ವಿದ್ಯಾರ್ಥಿನಿಲಯ ಮತ್ತು ಗ್ರಂಥಾಲಯಗಳ ಗಣಕಯಂತ್ರಗಳನ್ನು ಒಂದೇ ಜಾಲದಲ್ಲಿ ಕೂಡಿಸುವ ಸಂಕಲ್ಪವನ್ನು ಆಡಳಿತ ಮಂಡಳಿಯವರು ಮಾಡಿದ್ದಾರೆ. ದಾನಿಗಳ ಹಣ ಮಣ್ಣಿನೊಳಗೆ ಹೋಗುವ ಕೆಲಸವಿದು. ಹೂತ ಮೇಲೆ ಕಣ್ಣಿಗೆ ಕಾಣದು. ಆದ್ದರಿಂದ ಈ ವೃತ್ತಿಯಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯನ್ನು ಹಿರಿಯರ ಮುಂದಿಡುತ್ತೇನೆ.

1990ರ ದಶಕದಲ್ಲಿ ಬೆಂಗಳೂರಿನ ಕಛೇರಿಗಳಲ್ಲಿ ನಾನು ಟೋಕನ್ ರಿಂಗ್ ಜಾಲಗಳ ಕೆಲಸ ಮಾಡುತ್ತಿದ್ದೆ. ಐಬಿಎಂ ಸಂಸ್ಥೆಯು 1985ರಲ್ಲಿ ಮಾರುಕಟ್ಟೆಗೆ ತಂದ ಈ ಪದ್ಧತಿ ಈಗ ಮರೆಯಾಗಿದೆ. ಅದರಲ್ಲಿ ಯಂತ್ರಗಳೆಲ್ಲವೂ ಬಳೆಯಂತೆ ಸುತ್ತುಗಟ್ಟಿರುತ್ತಿದ್ದವು. ಟೋಕನ್ ಎಂಬ ಸಣ್ಣ ಸಂಕೇತವು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಅದು ತನ್ನ ಬಳಿಗೆ ಬಂದಾಗ ಮಾತ್ರ ಯಂತ್ರವು ಮಾತನಾಡಬೇಕು, ಗೋಷ್ಠಿಯಲ್ಲಿ ಸರದಿ ಕಾಯುವವರಂತೆ. ನಮ್ಮ ಶಾಲೆಯ ಗೋಷ್ಠಿಗಳಲ್ಲಿ ಇಷ್ಟು ಶಿಸ್ತಿರಲಿಲ್ಲವೆಂಬುದು ಬೇರೆ ಮಾತು.

ಯಂತ್ರಗಳ ತಂತಿಗಳು ಅಲ್ಲಲ್ಲಿ ಇಟ್ಟ ಜೋಡಣೆಯ ಪೆಟ್ಟಿಗೆಗಳಿಗೆ ಬಂದು ಸೇರುತ್ತಿದ್ದವು. ಪೆಟ್ಟಿಗೆಗಳ ನಡುವಣ ತಂತಿಯೊಳಗೆ ಹೋಗುವ ದಾರಿಯೊಂದು, ಮೀಸಲು ದಾರಿಯೊಂದು. ನಾಲ್ಕು ಪೆಟ್ಟಿಗೆಗಳನ್ನು ಸುತ್ತುಗಟ್ಟಿದ ತಂತಿಗಳು 30, 60, 80 ಮತ್ತು 90 ಮೀಟರ್ ಇವೆಯೆನ್ನೋಣ. ಒಟ್ಟು 260. ಆದರೆ ಯೋಜನೆಗೆ ಹಿಡಿಯುವ ಉದ್ದ 230. ಅತ್ಯಂತ ಗಿಡ್ಡ ತಂತಿಯನ್ನು ಕಳೆಯಬೇಕು. ಏಕೆಂದರೆ ತಂತಿಯೊಂದು ಹರಿದು ಅದನ್ನು ಕಳಚಿದಾಗ, ಸಂಕೇತವು ಉಳಿದ ತಂತಿಗಳ ತುದಿಯವರೆಗೆ ಹೋಗಿ ಮೀಸಲು ದಾರಿಯಲ್ಲಿ ಹಿಂದಿರುಗುತ್ತದೆ. ಗಿಡ್ಡ ತಂತಿ ಕೆಟ್ಟ ದಿನವೇ ಉಳಿದ ದಾರಿ ಅತಿ ದೀರ್ಘವಾದುದು. ಮತ್ತೂ ಒಂದುಂಟು. ಚಾಲೂ ಇರುವ ಪ್ರತಿಯೊಂದು ಯಂತ್ರವೂ ಸಂಕೇತಕ್ಕೆ ಹೊಸ ಬಲವನ್ನು ಕೊಟ್ಟು ಮುಂದೆ ಕಳುಹಿಸುತ್ತದೆ. ಬೆಳಗ್ಗೆ ಗುಮಾಸ್ತರೊಬ್ಬರೇ ಬಂದು ಒಂದೇ ಯಂತ್ರವನ್ನು ಚಾಲೂ ಮಾಡಿದರೆ, ಅದರ ಸಂಕೇತವು ಯಾರ ನೆರವೂ ಇಲ್ಲದೆ ಇಡೀ ಸುತ್ತನ್ನು ಕ್ರಮಿಸಬೇಕು. ತಂತಿ ಹರಿದ ದಿನ, ಒಂಟಿ ಯಂತ್ರ: ಈ ಎರಡೂ ಕೂಡಿದ ಗಳಿಗೆಯಲ್ಲೂ ಲೆಕ್ಕ ಸರಿಹೋದರೆ ಮಾತ್ರ ನಕ್ಷೆಗೆ ಒಪ್ಪಿಗೆ.

ಕಟ್ಟಡಗಳು ದೂರವಾದಾಗ ತಾಮ್ರ ಸಾಲುತ್ತಿರಲಿಲ್ಲ. ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಉಪಕರಣಗಳನ್ನಿಟ್ಟು ಆಪ್ಟಿಕಲ್ ಫೈಬರ್ ಎಳೆದರೆ ಸುಮಾರು 2 ಕಿಲೋಮೀಟರ್ ದಾಟಬಹುದಾಗಿತ್ತು. ಗಾಜಿನ ಎಳೆಯು ಸಿಡಿಲಿನ ವಿದ್ಯುತ್ತನ್ನು ಒಳಗೆ ತರುವುದಿಲ್ಲವೆಂಬುದು ಇನ್ನೊಂದು ಅನುಕೂಲ.

ಟೋಕನ್ ಹೋಯಿತು, ಸುತ್ತು ಉಳಿಯಿತು. ನಮ್ಮ ನೆರೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. 2018ರಲ್ಲಿ ಅದರ ಉದ್ಘಾಟನೆಯಾಯಿತು. ಅಂಥ ವಿಸ್ತಾರವಾದ ಸೌರ ಸ್ಥಾವರಗಳಲ್ಲಿ ದೂರದೂರದ ಉಪಕರಣಗಳನ್ನು ನಿಯಂತ್ರಣ ಕೊಠಡಿಯೊಡನೆ ಫೈಬರ್ ಸುತ್ತಿನಿಂದ ಜೋಡಿಸುವುದು ರೂಢಿ. ಒಂದೆಡೆ ತುಂಡಾದರೆ ಸುದ್ದಿ ಇನ್ನೊಂದು ಕಡೆಯಿಂದ ಬರುತ್ತದೆ.

ಆದರೆ ಸುತ್ತಿನ ಎರಡೂ ಎಳೆಗಳನ್ನು ಒಂದೇ ಕಾಲುವೆಯಲ್ಲಿ ಹೂತರೆ ಅದು ಕಾಗದದ ಮೇಲಿನ ಸುತ್ತು ಮಾತ್ರ. ನಮ್ಮ ಶಾಲೆಗೆ ಬಂದಿರುವ ಅಂದಾಜು ಪಟ್ಟಿಯಲ್ಲಿ ಹೀಗೆಯೇ ಇದೆ. ಖರ್ಚು ಉಳಿಯುವುದೇನೋ ನಿಜ. ಮೋರಿ ರಿಪೇರಿಗೆ ಬಂದವರ ಹಾರೆಗೆ ಎರಡೂ ಒಟ್ಟಿಗೆ ಸಿಕ್ಕಿದರೆ ಪರೀಕ್ಷೆಯ ಕಾಲದಲ್ಲಿ ಮಕ್ಕಳ ಗತಿಯೇನು? ಎರಡನೆಯ ಕಾಲುವೆಯ ವೆಚ್ಚವನ್ನು ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ದಾನಿಗಳಲ್ಲಿಯೂ ಆಡಳಿತ ಮಂಡಳಿಯವರಲ್ಲಿಯೂ ನನ್ನ ಬಿನ್ನಹ. ವಿದ್ಯಾರ್ಥಿನಿಲಯದ ಹಿಂಬದಿಯಿಂದ ಅಡುಗೆಮನೆಯ ಪಕ್ಕಕ್ಕಾಗಿ ಗ್ರಂಥಾಲಯವನ್ನು ಮುಟ್ಟುವ ದಾರಿಯನ್ನು ನಾನೇ ಟೇಪು ಹಿಡಿದು ಅಳೆದಿದ್ದೇನೆ. 140 ಮೀಟರ್ ಆಗುತ್ತದೆ. ಈಗಿನ ಜಾಲಗಳಲ್ಲಿಯೂ ತಾಮ್ರದ ತಂತಿಗೆ 100 ಮೀಟರಿನ ಮಿತಿಯಿರುವುದರಿಂದ ಅಲ್ಲಿಗೂ ಫೈಬರನ್ನೇ ಹಾಕಿಸಬೇಕು.