ಅಂಕಿ ಬದಲಾಗಿರಲಿಲ್ಲ

"ಇದು ನನ್ನ ಶ್ರುತಿ ಅಲ್ಲವಲ್ಲಪ್ಪ" ಅಂದರು ಹಿರಿಯ ವಿದ್ವಾಂಸರು. ಹಿಂದಿನ ದಿನ ಅವರೇ ಹಾಡಿದ್ದ ಕೃತಿಯನ್ನು ಸ್ಟುಡಿಯೋದಲ್ಲಿ ಕೇಳಿಸುತ್ತಿದ್ದೆ. ನನ್ನ ಕಿವಿಗೆ ಎಲ್ಲ ಸರಿಯಾಗಿಯೇ ಇತ್ತು. ಕಂಠ, ಪಿಟೀಲು, ಮೃದಂಗ, ತಂಬೂರಿ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿದ್ದವು. ಆ ಧೈರ್ಯದಲ್ಲಿ ಹೇಳಿಬಿಟ್ಟೆ: "ನಿನ್ನೆ ತಂಬೂರಿನೇ ಸ್ವಲ್ಪ ಇಳಿಸಿ ಸೇರಿಸಿದ್ರೇನೋ ಸರ್. ಇಲ್ಲಿರೋದು ಬರೀ ಅಂಕಿ. ರಾತ್ರಿ ಕಳೆಯೋದ್ರೊಳಗೆ ಅಂಕಿ ಬದಲಾಗಲ್ಲ."

ಅವರು ವಾದಕ್ಕೆ ಬರಲಿಲ್ಲ. ಚೀಲದಿಂದ ಶ್ರುತಿ ಪೆಟ್ಟಿಗೆ ತೆಗೆದು ತಮ್ಮ ಆಧಾರ ಷಡ್ಜ ಇಟ್ಟರು. "ಈಗ ಹಾಕು" ಅಂದರು. ಹಾಕಿದೆ. ಎರಡೂ ಸೇರಿ ಎದ್ದ ಅಪಸ್ವರಕ್ಕೆ ಪಕ್ಕದಲ್ಲಿ ಕೂತಿದ್ದ ಅವರ ಶಿಷ್ಯೆ ತಲೆ ತಗ್ಗಿಸಿಕೊಂಡಳು. ನಾನು ತಗ್ಗಿಸಬೇಕಾದ ತಲೆ ಅದು.

ಅಂಕಿ ನಿಜಕ್ಕೂ ಬದಲಾಗಿರಲಿಲ್ಲ. ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದು, ಒಂದೊಂದು ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದಿಟ್ಟಿದ್ದೆವು. ಅವನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವುದು ಡ್ಯಾಕ್ ಎಂಬ ಉಪಕರಣದ ಕೆಲಸ. ಅಂಕಿಗಳಿಂದ ಮೆಟ್ಟಿಲು ಮೆಟ್ಟಿಲಾದ ಸದ್ದು ಹೊರಡುತ್ತದೆಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಇಂದಿನ ಹೆಚ್ಚಿನ ಡ್ಯಾಕ್‌ಗಳು ಎರಡು ಅಳತೆಗಳ ನಡುವೆ ಇರಬೇಕಾದ ಬಿಂದುಗಳನ್ನೂ ಲೆಕ್ಕ ಹಾಕಿ, ದರವನ್ನು ಹತ್ತಾರು ಪಟ್ಟು ಏರಿಸಿ, ಲೆಕ್ಕದಲ್ಲಿ ಉಳಿದ ಗೊರಗೊರವನ್ನು ಕಿವಿಗೆ ಎಟುಕದ ಎತ್ತರದ ಕಂಪನಗಳಿಗೆ ತಳ್ಳುತ್ತವೆ. ಕೊನೆಯ ಫಿಲ್ಟರ್ ಅದನ್ನು ಸೋಸುತ್ತದೆ. ಹೊರಬರುವ ಅಲೆ ನುಣುಪಾಗಿಯೇ ಇರುತ್ತದೆ. ಈ ಕೌಶಲ ನನಗೆ ಈಗಲೂ ಬೆರಗು.

ಆದರೆ ಮುಂದಿನ ಅಂಕಿಯನ್ನು ಯಾವಾಗ ಎತ್ತಿಕೊಳ್ಳಬೇಕು ಎಂಬುದನ್ನು ಅಂಕಿ ಹೇಳುವುದಿಲ್ಲ. ಅದನ್ನು ಹೇಳುವುದು ಕ್ಲಾಕ್. ತಾಳ ಹಾಕುವ ಕೈ ನಿಧಾನವಾದರೆ ಹಾಡು ಎಳೆದುಕೊಂಡು ಹೋಗುವಂತೆ, ಇಲ್ಲಿ ಕ್ಲಾಕ್ ನಿಧಾನವಾದರೆ ಲಯದ ಜೊತೆ ಶ್ರುತಿಯೂ ಇಳಿಯುತ್ತದೆ. ಬೆಳಿಗ್ಗೆ ಬೇರೆ ಕೆಲಸಕ್ಕೆಂದು ಸಿ.ಡಿ. ರೆಕಾರ್ಡರನ್ನು ಜೋಡಿಸಿ, ಡ್ಯಾಕ್ ಅದರ ಕ್ಲಾಕನ್ನೇ ಅನುಸರಿಸುವಂತೆ ಮಾಡಿದ್ದೆ. ವಾಪಸ್ ಬದಲಾಯಿಸಲು ಮರೆತಿದ್ದೆ. ಸಿ.ಡಿ.ಯ ದರ ಸೆಕೆಂಡಿಗೆ 44,100. ಹತ್ತು ನಿಮಿಷದ ಕೃತಿ ಅದರಲ್ಲಿ 10 ನಿಮಿಷ 53 ಸೆಕೆಂಡಿಗೆ ಹಿಗ್ಗುತ್ತದೆ, ಷಡ್ಜ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗೆ ಕೂರುತ್ತದೆ. ಎಲ್ಲವೂ ಒಟ್ಟಿಗೆ ಇಳಿದಿದ್ದರಿಂದ ನನಗೆ ಗೊತ್ತಾಗಲಿಲ್ಲ. ಡ್ಯಾಕ್‌ನ ಮೇಲಿನ 'ಲಾಕ್' ದೀಪವೂ ಹಸಿರಾಗಿಯೇ ಉರಿಯುತ್ತಿತ್ತು. ಕ್ಲಾಕ್ ಸಿಕ್ಕಿದೆ ಎಂದಷ್ಟೇ ಅದು ಹೇಳುತ್ತದೆ. ಯಾರದು, ಎಷ್ಟರದು ಎಂದಲ್ಲ.

ತಪ್ಪು ಕಂಡಕೂಡಲೇ ಸರಿಪಡಿಸಿ ಕ್ಷಮೆ ಕೇಳಿದೆ. "ಆಯ್ತು ಬಿಡಪ್ಪ" ಅಂದರು. ಅವರೇನೋ ಬಿಟ್ಟರು, ನನಗೆ ಬಿಡಲಾಗಲಿಲ್ಲ.

ಆ ಡ್ಯಾಕನ್ನೇ ಕೊಳ್ಳಬೇಕೆಂದು ಸ್ಟುಡಿಯೋದ ಮಾಲೀಕರ ಬೆನ್ನು ಬಿದ್ದವನು ನಾನು. ಅದರ ಕ್ಲಾಕಿನ ನಡುಕ, ನಾವು ಜಿಟರ್ ಅನ್ನುತ್ತೇವಲ್ಲ, ಸೆಕೆಂಡಿನ ಲಕ್ಷ ಕೋಟಿಯ ಭಾಗಗಳ ಲೆಕ್ಕದಲ್ಲಿದೆ ಎಂದು ಕೈಪಿಡಿ ತೋರಿಸಿ ಒಪ್ಪಿಸಿದ್ದೆ. ಅಷ್ಟು ಸೂಕ್ಷ್ಮದ ಮಾತಾಡಿದವನಿಗೆ ನೂರಕ್ಕೆ ಎಂಟರಷ್ಟು ನಿಧಾನವಾಗಿ ಓಡಿದ ಹಾಡು ಕೇಳಲಿಲ್ಲ. ಕೇಳಿಸಿಕೊಂಡವರ ಮಾತನ್ನೂ ನಂಬಲಿಲ್ಲ. ಇಡೀ ಆಯುಷ್ಯ ಒಂದೇ ಷಡ್ಜದಲ್ಲಿ ಕೂತ ಮನುಷ್ಯರು ಅವರು. ಅವರ ಎದುರು ನಾನು ದೀಪವನ್ನು ಸಾಕ್ಷಿಗೆ ಕರೆದಿದ್ದೆ.

ಈಗ ಮೈಕ್ ಇಡುವ ಮೊದಲೇ ಹಾಡುವವರ ಶ್ರುತಿ ಕೇಳಿ ಬರೆದುಕೊಳ್ಳುತ್ತೇನೆ. ಕಡತದ ಮೊದಲ ಕೆಲವು ಕ್ಷಣ ಬರೀ ತಂಬೂರಿಯನ್ನು ಮುದ್ರಿಸಿಕೊಂಡು, ಕೇಳಿಸುವ ದಿನ ಅದನ್ನು ಶ್ರುತಿ ಪೆಟ್ಟಿಗೆಯ ಜೊತೆ ಇಟ್ಟು ನೋಡಿದ ಮೇಲೆಯೇ ಹಾಡಿಗೆ ಹೋಗುತ್ತೇನೆ.