ದಪ್ಪ ಪುಸ್ತಕ ಬೇಡವಂತೆ

ಪುಸ್ತಕ ದಾನ ಮಾಡುವವರಿಗೆ ಸಣ್ಣದೊಂದು ಗರ್ವ ಇದ್ದೇ ಇರುತ್ತದೆ, ಗೋದಾನ, ಭೂದಾನಗಳ ಸಾಲಿನಲ್ಲಿ ನಮ್ಮದೂ ಒಂದು ಎಂದು. ಅದು ಇಳಿಯಬೇಕಾದರೆ ಕಲಾ ಕಾಲೇಜೊಂದರ ಲೈಬ್ರರಿಯಲ್ಲಿ ಪಟ್ಟಿ ಹಿಡಿದು ನಿಲ್ಲಬೇಕು.

ನಮ್ಮ ಸೋದರಮಾವ ಡ್ರಾಯಿಂಗ್ ಮೇಷ್ಟ್ರು. ಅವರು ಹೋದ ಮೇಲೆ ಬೀರು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಟೈಮ್-ಲೈಫ್ ಮಾಲೆಯ ವ್ಯಾನ್ ಗೋ, ನವಕರ್ನಾಟಕದಲ್ಲಿ ಅಗ್ಗಕ್ಕೆ ಕೊಂಡ ಲೆನಿನ್‌ಗ್ರಾಡಿನ ಅರೋರಾ ಆಲ್ಬಮ್‌ಗಳು, 1946ರಲ್ಲಿ ಮುಲ್ಕ್ ರಾಜ್ ಆನಂದ್ ಶುರು ಮಾಡಿದ ‘ಮಾರ್ಗ್’ ಪತ್ರಿಕೆಯ ಬಿಡಿ ಸಂಚಿಕೆಗಳು. ಜೊತೆಗೊಂದು ರಟ್ಟಿನ ಪೆಟ್ಟಿಗೆ. ಅದನ್ನು ಅತ್ತೆ ಆಗಲೇ ರದ್ದಿಯವನಿಗೆಂದು ಬಾಗಿಲ ಪಕ್ಕ ಇಟ್ಟಾಗಿತ್ತು.

ಲೈಬ್ರರಿಯನ್ ಮೇಡಂ ಪಟ್ಟಿ ನೋಡಿದರು. “ಇವೆಲ್ಲ ನಮ್ಮಲ್ಲಿ ಎರಡೆರಡು ಪ್ರತಿ ಇವೆ ಸರ್.” ಅದೂ ಅಲ್ಲದೆ ಆ ಆಲ್ಬಮ್‌ಗಳು ಯಾವುದೋ ಮಳೆಗಾಲದಲ್ಲಿ ನೆನೆದಿದ್ದವು. ಆರ್ಟ್ ಪೇಪರಿಗೆ ನೀರು ತಾಗಿದರೆ ಮುಗಿಯಿತು. ಮೇಲಿನ ಬಿಳಿಮಣ್ಣಿನ ಲೇಪ ಅಂಟಾಗಿ, ಒಣಗಿದ ಮೇಲೆ ಪುಸ್ತಕ ಇಟ್ಟಿಗೆಯಾಗುತ್ತದೆ.

“ಬೇರೇನಾದರೂ ಇದೆಯಾ? ಇನ್ವಿಟೇಶನ್ನು, ಬ್ರೋಶರ್ರು?”

ಪೆಟ್ಟಿಗೆ ತಂದೆ. ವೆಂಕಟಪ್ಪ ಗ್ಯಾಲರಿಯಲ್ಲಿ ನಡೆದ ಪ್ರದರ್ಶನಗಳ ಕರೆಯೋಲೆಗಳು, ಎರಡು ಮಡಿಕೆಯ ಕ್ಯಾಟಲಾಗುಗಳು, ಸೈಕ್ಲೋಸ್ಟೈಲ್ ಮಾಡಿದ ಬೆಲೆಪಟ್ಟಿಗಳು. ಮೇಡಂ ಒಂದು ಕಾರ್ಡನ್ನು ಬೆಳಕಿಗೆ ಹಿಡಿದರು. ‘ಮಾರ್ಚ್ 8ರಿಂದ 14’ ಎಂದು ಅಚ್ಚಾಗಿದೆ, ಇಸವಿ ಇಲ್ಲ. ಮುಂದಿನ ವಾರ ಬರುವವರಿಗೆ ಇಸವಿ ಯಾಕೆ ಬೇಕು! ಮೂಲೆಯಲ್ಲಿ ಮಾವ ಪೆನ್ಸಿಲಿನಲ್ಲಿ ಇಸವಿ ಬರೆದು, ಬಂದಿದ್ದವರ ಹೆಸರನ್ನೂ ಗೀಚಿದ್ದರು. ದಪ್ಪ ಪುಸ್ತಕವನ್ನು ದುಡ್ಡು ಕೊಟ್ಟು ತರಬಹುದು, ಇದನ್ನು ಯಾವ ಅಂಗಡಿಯಲ್ಲಿ ಕೇಳುವುದು? ನಮ್ಮೂರಿನ ಕಲಾವಿದರ ಚರಿತ್ರೆ ಬಹುಪಾಲು ಇಂಥ ತೆಳು ಕಾಗದದಲ್ಲೇ ಉಳಿದಿದೆ, ರದ್ದಿಯವನು ಬಿಟ್ಟಷ್ಟು.

ಅತ್ತೆಯದು ಒಂದು ಷರತ್ತಿತ್ತು: ಮಾವನ ಹೆಸರಿನ ಬೋರ್ಡು ಹಾಕಿ ಪ್ರತ್ಯೇಕ ಬೀರು ಕೊಡಬೇಕು. ದಾನಿಗೊಂದು ಬೀರು ಕೊಟ್ಟರೆ ಶಿಲ್ಪದ ಪುಸ್ತಕ ಹತ್ತು ಕಡೆ ಹರಿದುಹಂಚಿಹೋಗುತ್ತದೆ, ಹುಡುಕುವ ವಿದ್ಯಾರ್ಥಿಯ ಗತಿ ಏನು? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಏವರಿ ಲೈಬ್ರರಿ ಇದೆ. ವಾಸ್ತುಶಿಲ್ಪಿ ಹೆನ್ರಿ ಏವರಿ ತೀರಿಕೊಂಡಾಗ, 1890ರಲ್ಲಿ, ಅವನ ತಂದೆತಾಯಿ ಮಗನ ಪುಸ್ತಕಗಳನ್ನು ಕೊಟ್ಟು ಕಟ್ಟಿಸಿದ ಸಂಗ್ರಹ. ಹೆಸರು ಇಂದಿಗೂ ನಿಂತಿದೆ. ಆದರೆ ಅವರು ಹೊಸ ಪುಸ್ತಕ ಕೊಳ್ಳಲು ಹಣವನ್ನೂ ಕೊಟ್ಟಿದ್ದರು ಎಂಬುದನ್ನು ನಾನು ಅತ್ತೆಗೆ ಹೇಳಲು ಹೋಗಲಿಲ್ಲ. ಪ್ರತಿ ಕಾಗದದ ಹಿಂದೆ ಮಾವನ ಹೆಸರಿನ ಪುಟ್ಟ ಚೀಟಿ ಎಂಬಲ್ಲಿಗೆ ರಾಜಿಯಾಯಿತು.

ಮರುವಾರ ಅತ್ತೆಯೇ ಫೋನ್ ಮಾಡಿದರು. “ಬಣ್ಣದಂಗಡಿ ಬಿಲ್ಲುಗಳೂ ಒಂದು ಕಟ್ಟು ಸಿಕ್ಕಿದೆ ಕಣೋ. ಅದೂ ಬೇಕಂತಾ ಆ ಯಮ್ಮನಿಗೆ?” ಕೇಳಿದೆ. ಬೇಕಂತೆ. ಯಾವ ವರ್ಷ ಯಾವ ಬಣ್ಣ ಕೊಂಡರು ಅಂತ ಗೊತ್ತಾದರೆ, ಬಿರುಕು ಬಿಟ್ಟ ಚಿತ್ರ ರಿಪೇರಿ ಮಾಡುವವರಿಗೆ ಅನುಕೂಲವಂತೆ.